ಗೈಡಮ್ಮನ ಅಜ್ಜಿ

ತನ್ನ ತಂಡವನ್ನು ಒಳಗೆ ಕರೆತಂದ ಗೈಡಮ್ಮ ಇನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ಮಂಚದ ಸುತ್ತ ನಿಂತಿದ್ದ ಬೇರೆ ಜನ ಗೊಳ್ಳೆಂದು ನಕ್ಕರು. ರಾಜಧಾನಿಯ ಹಳೇ ಅರಮನೆಯ ಈ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಅವಳು ಹೇಳಿದ ಮೇಲೇ ಜನ ನಗುತ್ತಿದ್ದದ್ದು: "ರಾಜ ಮಲಗ್ತಿದ್ದದ್ದು ಕುರ್ಚಿ ಮೇಲೆ ಕಣ್ರಪ್ಪಾ, ರಾಣಿ ಗೊರಕೆ ಹಂಗಿತ್ತು!" ಇವತ್ತು ನಕ್ಕವರ ಕಿವಿಯಲ್ಲೆಲ್ಲ ಟಿಕೆಟ್ ಜೊತೆ ಹೊಸದಾಗಿ ಕೊಡುತ್ತಿದ್ದ, ಅರಮನೆಯ ಕತೆ ಹೇಳುವ ಹೆಡ್‌ಫೋನ್ ಇತ್ತು.

"ಒಂಚೂರು ಕೊಡ್ತೀರಾ?" ಎಂದು ಗೈಡಮ್ಮ ಅವರಲ್ಲಿ ಒಬ್ಬ ಹೆಂಗಸಿನಿಂದ ಇಸಕೊಂಡು ಕಿವಿಗಿಟ್ಟಳು. ಗೆಳತಿಯ ದನಿ! ಟಿಕೆಟ್ ಕೌಂಟರಿನಲ್ಲಿ ಕೂರುವ ಆ ಗೆಳತಿ ಹೋದ ತಿಂಗಳೆಲ್ಲ ಊಟದ ಬಿಡುವಿನಲ್ಲಿ ಫೋನ್ ಹಿಡಿದು ಹಿಂದೆ ಹಿಂದೆ ಬಂದಿದ್ದಳು. "ನಿನ್ನ ಮಾತು ಕೇಳ್ತಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ಕಣೇ, ನನಗೇ ಅಂತ ರೆಕಾರ್ಡ್ ಮಾಡಿ ಇಟ್ಕೋತೀನಿ" ಅಂದಿದ್ದಳು. ಜೋಕು ತಾನೇ, ಹಾಳಾಗಿ ಹೋಗಲಿ ಎಂದು ಗೈಡಮ್ಮ ನುಂಗಿಕೊಂಡಳು.

ಅಷ್ಟರಲ್ಲಿ ಆ ದನಿ ಕಿಟಕಿಯ ಹಿತ್ತಾಳೆ ಹಿಡಿಯ ಮಾತೆತ್ತಿತು. "ಇದು ಸವೆದಿರೋದು ರಾಜರ ಕೈಯಿಂದಲ್ಲ. ನಲವತ್ತು ವರ್ಷ ಇದನ್ನ ತಿಕ್ಕಿದ್ದು ನಮ್ಮಜ್ಜಿ." ಆಮೇಲೆ ಒಂದು ಸಣ್ಣ ಮೌನ. ಗೈಡಮ್ಮನಿಗೆ ದಿನಾ ಗಂಟಲು ಕಟ್ಟುತ್ತಿದ್ದದ್ದು ಅಲ್ಲೇ. ಅದನ್ನೂ ಬಿಟ್ಟಿರಲಿಲ್ಲ ಪುಣ್ಯಾತಗಿತ್ತಿ. ತಿಕ್ಕಿದ್ದು ಗೈಡಮ್ಮನ ಅಜ್ಜಿ; ಆ ಗೆಳತಿಯ ಅಜ್ಜಿ ಈ ಅರಮನೆಯ ಹೊಸಿಲನ್ನೂ ತುಳಿದವಳಲ್ಲ.

ಗೈಡಮ್ಮ ಹೆಡ್‌ಫೋನ್ ವಾಪಸು ಕೊಟ್ಟು, ದಿನದ ರೂಢಿಯಂತೆ ಹಿಡಿಯ ಕಡೆ ಕೈ ಚಾಚಿದಳು. ಆ ಹೆಂಗಸು ಮೆಲ್ಲಗೆ ಅವಳ ಮಣಿಕಟ್ಟು ಹಿಡಿದಳು.

"ಮುಟ್ಟಬೇಡಿ ಅಕ್ಕ," ಅಂದಳು, ಕಣ್ಣೊರೆಸಿಕೊಳ್ಳುತ್ತ. "ಪಾಪ, ಅವರಜ್ಜಿ ತಿಕ್ಕಿದ್ದಂತೆ."