ಮಗಳ ತಲೆ

ಸಂಕ್ರಾಂತಿ ಕಳೆದಿತ್ತು. ತವರಿನ ಕಣದಲ್ಲಿ ರಾಗಿ ತೂರುತ್ತಿದ್ದ ಸಾಕಮ್ಮನಿಗೆ ಕಣದಂಚಿನಲ್ಲಿ ಬಂದು ನಿಂತ ಗಂಡ ಕಂಡ. ಅವನ ಕುಡಿತ ತಾಳಲಾರದೆ ಸುಗ್ಗಿಯ ಮೊದಲಲ್ಲೇ ಅವಳು ಮಗಳನ್ನು ಕಟ್ಟಿಕೊಂಡು ತಮ್ಮನ ಮನೆ ಸೇರಿದ್ದಳು.

"ಹೋಬಳೀಲಿ ಕುಡಿತ ಬಿಡಿಸೋ ಶಿಬಿರ ನಡೀತಾ ಅದೆ," ಎಂದ ಅವನು. "ಮನೆಯವ್ರು ಒಬ್ರು ಜೊತೇಲಿದ್ರೇನೇ ಸೇರಿಸ್ಕೊಳ್ಳೋದಂತೆ. ನೀನು ಬಾ."

"ಹೋಗಕ್ಕ, ಬಾವ ಶಿಬಿರದೋರ್ಗೂ ಕುಡಿಯಾಕೆ ಕಲಿಸ್ಬುಟ್ಟು ಬತ್ತಾನೆ," ಎಂದು ತಮ್ಮ ನಕ್ಕ.

ಸಾಕಮ್ಮ ನಗಲಿಲ್ಲ. "ಮಗಳ ತಲೆ ಮುಟ್ಟಿ ಆಣೆ ಮಾಡು, ಬತ್ತೀನಿ."

ಹುಲ್ಲಿನ ಮೆದೆಯ ಬಳಿ ಆಡುತ್ತಿದ್ದ ಮಗಳು ಯಾರೂ ಕರೆಯದೆಯೇ ಬಂದು, ರೂಢಿಯಂತೆ ಅಪ್ಪನ ಮುಂದೆ ತಲೆ ಬಗ್ಗಿಸಿ ನಿಂತಳು. ಹಬ್ಬಕ್ಕೊಂದು, ಜಗಳಕ್ಕೊಂದು ಎಂದು ಆ ತಲೆ ಎಷ್ಟು ಆಣೆ ಹೊತ್ತಿತ್ತೋ! ಒಂದೂ ಹೊತ್ತು ಮುಳುಗುವವರೆಗೆ ಉಳಿದಿರಲಿಲ್ಲ.

ನೆತ್ತಿಯ ತನಕ ಹೋದ ಅವನ ಕೈ ಹಿಂದಕ್ಕೆ ಬಂತು.

"ಆಗಾಕಿಲ್ಲ ಕಣೇ."

"ಕಂಡ್ಯಾ ಅಕ್ಕಾ? ಸಂಜೀಕೇ ಬೇಕು ಇವನಿಗೆ," ಎಂದ ತಮ್ಮ.

"ಅದಕ್ಕಲ್ಲ ಕಣಪ್ಪ." ಗಂಡ ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಮೊದಲೆಲ್ಲ ಕುಡೀತೀನಿ ಅಂತ ಗೊತ್ತಿದ್ದೇ ಮುಟ್ತಿದ್ದೆ, ಆಣೆಗೆ ಹೆದರಿರಲಿಲ್ಲ. ಈ ಸಲ ಬಿಡಬೇಕು ಅಂತ್ಲೇ ಬಂದಿವ್ನಿ. ಬಿಡಾಕಾಗದೆ ಹೋಗಿ, ಮಗೀಗೆ ಏನಾದ್ರೂ ಆದ್ರೆ?"

ಸಾಕಮ್ಮ ಮೊರ ಕೆಳಗಿಟ್ಟಳು. ಇನ್ನೂ ಬಗ್ಗಿಯೇ ನಿಂತಿದ್ದ ಮಗಳ ಗಲ್ಲ ಹಿಡಿದು ಮೇಲೆತ್ತಿ, "ಬಸ್ಸು ಎಷ್ಟೊತ್ತಿಗೆ?" ಎಂದು ಗಂಡನನ್ನು ಕೇಳಿದಳು.