ಹೆಸರಿಗೇ ಬಿದ್ದ ಕತ್ತರಿ

“ಇದರ ಹೆಸರು ಹೇಳು!” ಎನ್ನುತ್ತಲೇ ಯಮನೂರಮ್ಮ ತನ್ನ ಎಲೆಯಡಿಕೆ ಸಂಚಿಯನ್ನು ಔಷಧಿ ಅಂಗಡಿಯ ಗಾಜಿನ ಮೇಲೆ ಬೋರಲು ಹಾಕಿದಳು. ಅಡಿಕೆ ಚೂರು, ಸುಣ್ಣದ ಡಬ್ಬಿಯ ಜೊತೆ ಗುಳಿಗೆ ಪಟ್ಟಿಯಿಂದ ಕತ್ತರಿಸಿದ ನಾಲ್ಕು ಖಾಲಿ ತುಂಡುಗಳು ಬಿದ್ದವು. ಮತ್ತೆ ಅದನ್ನೇ ತರಲಿಕ್ಕೆ ಗುರುತಿಗಿರಲೆಂದು ಇಟ್ಟುಕೊಂಡಿದ್ದವು. ನಾಲ್ಕರಲ್ಲೂ ಹೆಸರಿದ್ದ ಜಾಗಕ್ಕೇ ಕತ್ತರಿ ಬಿದ್ದಿತ್ತು. ಅಂಗಡಿಯ ಅಮರಗುಂಡಪ್ಪನಿಗೆ ‘ರೀ’ ಹಚ್ಚದೆ ಎಂದೂ ಮಾತಾಡದವಳ ಬಾಯಲ್ಲಿ ಇವತ್ತು ಆ ‘ರೀ’ ಹೊರಡಲಿಲ್ಲ.

“ಯಾಕಬೇ, ಏನಾತು?”

“ನನ್ನ ಸೊಸಿ ಮಹಾಲಕ್ಷ್ಮಿ ಸಿಂಧನೂರು ದವಾಖಾನ್ಯಾಗ ಬಿದ್ದಾಳ. ನಾಟಿ ಗದ್ದ್ಯಾಗ ಗಾಜು ಚುಚ್ಚಿತ್ತು. ಕಾಲು ಮೊಣಕಾಲತನ ಬಾತು ಕರ್ರಗಾಗೇತಿ, ನಂಜು ರಕ್ತಕ್ಕ ಸೇರೇತಂತ. ಯಾವ ಗುಳಿಗಿ ನುಂಗಿಸೀರಿ ಅಂತ ಡಾಕ್ಟರಮ್ಮ ಕೇಳಾಕತ್ತಾಳ. ಏನಂತ ಹೇಳ್ಲಿ?”

ಅಮರಗುಂಡಪ್ಪ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. “ನಮ್ಮ ಅಂಗಡಿ ಹೆಸರು ಹೇಳೀದೇನು? ಡಾಕ್ಟರ ಚೀಟಿ ಇಲ್ಲದ ಕೊಟ್ಟ ಮಾಲು ಅದು. ನನ್ನ ಕುತ್ತಿಗಿಗೆ ಬರ್ತೈತಿ.”

ಯಮನೂರಮ್ಮನ ಮೈಯೆಲ್ಲ ಉರಿಯಿತು. ಅಲ್ಲಾ, ಅಲ್ಲಿ ಹರೆಯದ ಹುಡುಗಿಯ ಕಾಲು ಹೋಗುವ ಹೊತ್ತು, ಇವನಿಗೆ ತನ್ನ ಕುತ್ತಿಗೆಯ ಚಿಂತೆ! ಡಾಕ್ಟರ್ ಭುವನೇಶ್ವರಿ ಕೊಟ್ಟಿದ್ದ ನಂಬರಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿ ಅವನ ಮೂಗಿನ ಮುಂದೆ ಹಿಡಿದಳು. “ಹೇಳು. ನಿನ್ನ ಬಾಯಿಲೇ ಹೇಳು.”

“ಅಜಿತ್ರೊಮೈಸಿನ್ ರೀ ಮೇಡಂ,” ಎಂದ ಅವನು, ಸಣ್ಣಗೆ.

“ಹಂಗ ಅನ್ಕೊಂಡಿದ್ದೆ,” ಎಂದಿತು ಫೋನು. “ಆ ಗುಳಿಗೆಗೆ ಈ ರೋಗ ಜಗ್ಗೂದಿಲ್ಲಂತ ಈಗಷ್ಟೇ ಲ್ಯಾಬಿನವರು ಹೇಳಿದ್ರು. ಊರ ಮಂದಿ ಒಂದೊಂದು ನುಂಗಿ ನುಂಗಿ, ರೋಗಕ್ಕ ಅದು ರೂಢಿ ಆಗೇತಿ. ಬೇರೆ ಇಂಜೆಕ್ಷನ್ ಹಚ್ಚೀವಿ. ಕೊಳೆತದ್ದನ್ನ ಸಂಜಿಗೆ ಕೊಯ್ಯಬೇಕು. ಕಾಲು ಉಳಿತೈತಂತ ಮಾತು ಕೊಡಲಾರೆ, ಯಮನೂರಮ್ಮ. ಮತ್ತ ಕೇಳ್ರಿ, ಇದು ಗಂಟಲು ನೋವಿನಿಂದಾನೂ ಹರಡ್ತೈತಿ. ನಿಮ್ಮ ನಾಟಿ ಗುಂಪಿನಾಗ ಯಾರಿಗಾದ್ರೂ ಗಂಟಲು ನೋವು, ಜ್ವರ ಇದ್ರ ಸೀದಾ ಇಲ್ಲಿಗೆ ಕಳಸ್ರಿ.”

ಫೋನು ಕಟ್ಟಾದದ್ದೇ ಯಮನೂರಮ್ಮ ಹರಿಹಾಯ್ದಳು. “ಕೇಳಿದೇನು? ಓದಿದಾಂವ ನೀನು! ಒಂದು ನುಂಗಿದ್ರ ಸಾಲೂದಿಲ್ಲಂತ ಒಂದು ಮಾತು ಹೇಳಾಕ ನಿನ್ನ ಬಾಯಿಗೆ ಏನಾಗಿತ್ತು?”

“ಹತ್ತು ಹೆಂಗಸರದಾರ, ಒಬ್ಬೊಬ್ಬರಿಗೆ ಒಂದೊಂದು, ಕತ್ತರಿಸಿ ಕೊಡ್ರಿ ಅಂದಾಕಿ ಯಾರು?” ಅಮರಗುಂಡಪ್ಪನಿಗೂ ರೇಗಿತು. “ನಾನಾ, ನೀನಾ?”

ಅಂದದ್ದು ಅವಳೇ. ನಾಟಿಯ ಗುಂಪು ಅವಳದು. ಒಬ್ಬಳು ಮಲಗಿದರೂ ಸಾಲು ಹಿಂದೆ ಬೀಳುತ್ತದೆ. ಗೊರೇಬಾಳದ ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಪಲ್ಯವನ್ನು ಹೇಗೆ ಎಲ್ಲರಿಗೂ ಸಮ ಹಂಚುತ್ತಿದ್ದಳೋ ಗುಳಿಗೆಯನ್ನೂ ಹಾಗೆಯೇ ಹಂಚುತ್ತಿದ್ದಳು. ಸೊಸೆಯೆಂದು ಮಹಾಲಕ್ಷ್ಮಿಗೆ ಒಂದು ಹೆಚ್ಚು ಕೊಟ್ಟವಳಲ್ಲ. ಅದೇ ಅವಳ ಹೆಮ್ಮೆಯಾಗಿತ್ತು. ಆದರೂ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ.

ಅಷ್ಟರಲ್ಲಿ ಆಟೋದಿಂದ ಇಳಿದು ಬಂದವಳು ಅವಳ ಗುಂಪಿನ ರೇಣುಕಮ್ಮ. ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು, ಮುಖ ಜ್ವರಕ್ಕೆ ಕೆಂಪೇರಿತ್ತು. “ಅಣ್ಣಾರ, ಗಂಟಲು ಕಿತ್ತು ಬರಾಕತ್ತೈತಿ. ಅದ ಗುಳಿಗಿ ಒಂದು ಕೊಡ್ರಿ.”

ಅಮರಗುಂಡಪ್ಪನ ಕೈ ರೂಢಿಯಂತೆ ಕತ್ತರಿಯತ್ತ ಹೋಯಿತು. ಯಮನೂರಮ್ಮ ಬಾಚಿ ಕತ್ತರಿಯನ್ನು ಕಿತ್ತುಕೊಂಡಳು. “ನಿನ್ನ ಕೈ ಸೇದಿ ಹೋಗ್ಲಿ! ರೇಣುಕಾ, ಅದನ್ನ ಮುಟ್ಟಬ್ಯಾಡ. ನಡಿ ದವಾಖಾನಿಗೆ!”

ರೇಣುಕಮ್ಮ ಬೆಪ್ಪಾಗಿ ಅವಳನ್ನೇ ನೋಡಿದಳು.

“ಹಂಗ್ಯಾಕಂತಿ ಅಕ್ಕ? ಮೊನ್ನೆ ಗದ್ದ್ಯಾಗ ನೀನ ಕೊಟ್ಟೆಲ್ಲ? ಒಂದ ಉಳದೈತಂತ ಮುರದು, ಮಹಾಲಕ್ಷ್ಮಿ ಕಾಲಿಗೆ ಅರ್ಧ, ನನ್ನ ಗಂಟಲಿಗೆ ಅರ್ಧ.”