ಟೇಪಿನಡಿಯ ಹೆಸರು

ಬಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಫ್ರೀ ಥ್ರೋಗೆ ಟಿಬ್ಸ್ ಗೆರೆಯ ಹತ್ತಿರ ಬಂದು ನಿಂತ. ಅಂಕ ಸಮ. ಬುಟ್ಟಿಯ ಹಿಂದಿದ್ದ ಕ್ಲೀವ್‌ಲ್ಯಾಂಡ್ ಅಭಿಮಾನಿಗಳೆಲ್ಲ ಅವನ ಗುರಿ ತಪ್ಪಿಸಲು ಕೈ ಬೀಸಿ ಅರಚುತ್ತಿದ್ದರು. ಅವರ ನಡುವೆ ವೆಂಡೆಲ್ ಮಾತ್ರ ಕೈಕಟ್ಟಿ ನಿಂತಿದ್ದ.

"ಕೂಗೋ ಲೇ! ಅವನೀಗ ಎದುರು ಟೀಮು," ಎಂದು ಅಕ್ಕ ಲೊರೇನ್ ತಿವಿದಳು.

"ಅವನಾಗಿ ಹೋದ್ನಾ? ನಮ್ಮೋರೇ ಅವನ್ನ ಆ ಟೀಮಿಗೆ ಕೊಟ್ಟು ಬದಲಿಗೆ ಈ ಮುರುಕು ಮಂಡಿ ಕೋವಾಚ್‌ನ ತಂದ್ರು. ನೋಡಲ್ಲಿ, ಮದುವೆಗೆ ಬಂದೋನ ಥರ ಸೂಟ್ ಹಾಕ್ಕೊಂಡು ಬೆಂಚಲ್ಲಿ ಕೂತವ್ನೆ!"

ವೆಂಡೆಲ್‌ನ ಹಳೆಯ ಜರ್ಸಿಯ ಬೆನ್ನಿನಲ್ಲಿ ಟಿಬ್ಸ್ ಹೆಸರಿನ ಮೇಲೆ ಟೇಪು ಅಂಟಿಸಿ 'ಕೋವಾಚ್' ಎಂದು ಬರೆದವಳು ಲೊರೇನ್. ಅವನು ಕೈ ಹಿಂದೆ ಹಾಕಿ ಆ ಟೇಪನ್ನು ಪರ್ರನೆ ಕಿತ್ತ. ಟಿಬ್ಸ್‌ಗೆ ಕಾಣುವಂತೆ ಬೆನ್ನು ತಿರುಗಿಸಿ ನಿಂತ.

"ತನ್ನ ಹೆಸರು ನೋಡ್ಕೊಂಡು ಹಾಕ್ಲಿ, ನೋಡೋಣ."

ಅರಚಾಟ ಒಮ್ಮೆಲೇ ನಿಂತಿತು. ಚೆಂಡು ಒಳಗೆ ಬಿದ್ದದ್ದು ಅವನಿಗೆ ಲೊರೇನ್‌ಳ ಮುಖ ನೋಡಿಯೇ ತಿಳಿಯಿತು.

"ಅವತ್ತೇ ಬಡ್ಕೊಂಡೆ," ಎಂದ ಹಲ್ಲು ಕಚ್ಚಿ, "ಗುರಿ ತಪ್ಪೋ ಹುಡುಗ ಅಲ್ಲ, ಕೊಡಬ್ಯಾಡಿ ಅಂತ."